ಸಂಶೋಧನಾ ಲೇಖನಗಳ ಕರ್ತೃತ್ವ ಮತ್ತು ಉಲ್ಲೇಖಗಳ ಅಳತೆ : ಅರ್ಜಿದಾರರ ಮಾಹಿತಿಗಾಗಿ

ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಬೋಧಕ ಹುದ್ದೆ, ಪದೋನ್ನತಿ, ಪಿಎಚ್.ಡಿ. ಮಾರ್ಗದರ್ಶಕರ ಮಾನ್ಯತೆ, ಸಂಶೋಧನಾ ಅನುದಾನ ಮುಂತಾದವುಗಳಿಗೆ ಸಲ್ಲಿಸುವ ಅರ್ಜಿಗಳಲ್ಲಿ ಪ್ರಕಟಿತ ಲೇಖನಗಳ ಸಂಖ್ಯೆ, ಲೇಖಕರ ಸ್ಥಾನ, ಉಲ್ಲೇಖಗಳ ಸಂಖ್ಯೆ, ಎಚ್-ಸೂಚ್ಯಂಕ, ನಿಯತಕಾಲಿಕದ ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಕಾಲಂಗಳು ಸಾಮಾನ್ಯವಾಗಿ ಇರುತ್ತವೆ. ಈ ಅಂಕಿಗಳು ಎಲ್ಲಿಂದ ಬರುತ್ತವೆ, ಏನನ್ನು ಅಳೆಯುತ್ತವೆ, ಅವುಗಳಲ್ಲಿ ತಪ್ಪು ಹೇಗೆ ನುಸುಳುತ್ತದೆ ಎಂಬುದನ್ನು ಅರಿಯದೆ ಅರ್ಜಿಯನ್ನು ಭರ್ತಿ ಮಾಡಿದಲ್ಲಿ, ಅರ್ಜಿದಾರರಿಗೆ ನ್ಯಾಯವಾಗಿ ಸಲ್ಲಬೇಕಾದ ಅಂಕಗಳು ಕೈತಪ್ಪುವ, ಇಲ್ಲವೇ ಸಲ್ಲದ ಅಂಕಗಳನ್ನು ಕೋರಿದ ಆಕ್ಷೇಪಣೆಗೆ ಅವರು ಗುರಿಯಾಗುವ ಸಂಭವವಿರುತ್ತದೆ. ಸಾರ್ವಜನಿಕರ ಅನುಕೂಲಕ್ಕಾಗಿ ಈ ವಿಷಯದ ಮಾಹಿತಿಯನ್ನು ಇಲ್ಲಿ ಒದಗಿಸಲಾಗಿದೆ.

ಮೊದಲಿಗೆ ಗಮನಿಸತಕ್ಕ ಅಂಶವೆಂದರೆ, ಈ ಅಂಕಿಗಳೆಲ್ಲವೂ ದಾಖಲೆಗಳ ಎಣಿಕೆಯಿಂದ ಹುಟ್ಟುತ್ತವೆ. ಒಂದು ದಾಖಲೆಯು ಯಾರ ಹೆಸರಿಗೆ ಸೇರಿದೆ ಎಂಬುದು ತಪ್ಪಿದಲ್ಲಿ ಅದರ ಆಧಾರದ ಮೇಲೆ ನಿಂತ ಎಣಿಕೆಯೂ ತಪ್ಪುತ್ತದೆ.

ಹಿನ್ನೆಲೆ

ಒಂದು ಬರಹವು ಮತ್ತೊಂದು ಬರಹವನ್ನು ಹೆಸರಿಸಿದ್ದನ್ನು ಪಟ್ಟಿ ಮಾಡುವ ಪದ್ಧತಿಯು ವಿಜ್ಞಾನಕ್ಕಿಂತ ಮೊದಲು ನ್ಯಾಯಾಂಗದಲ್ಲಿ ಬಳಕೆಗೆ ಬಂದಿತು. ಒಂದು ತೀರ್ಪನ್ನು ನಂತರದ ಯಾವ ತೀರ್ಪುಗಳು ಎತ್ತಿಹಿಡಿದಿವೆ, ಯಾವುವು ತಳ್ಳಿಹಾಕಿವೆ ಎಂಬುದನ್ನು ವಕೀಲರು ತಿಳಿಯಲೆಂದು ಅಮೆರಿಕದಲ್ಲಿ 1873ರಿಂದ ಶೆಪರ್ಡ್ಸ್ ಸೈಟೇಷನ್ಸ್ ಎಂಬ ಸೂಚಿಯು ಪ್ರಕಟವಾಗತೊಡಗಿತು. ಇದೇ ಕ್ರಮವನ್ನು ವಿಜ್ಞಾನ ಲೇಖನಗಳಿಗೂ ಅನ್ವಯಿಸಬಹುದೆಂದು ಯೂಜೀನ್ ಗಾರ್‌ಫೀಲ್ಡ್ ಅವರು 1955ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರತಿಪಾದಿಸಿದರು. ಫಿಲಡೆಲ್ಫಿಯಾದಲ್ಲಿ ಅವರು ಸ್ಥಾಪಿಸಿದ ಸಂಸ್ಥೆಯು 1964ರಲ್ಲಿ ಸೈನ್ಸ್ ಸೈಟೇಷನ್ ಇಂಡೆಕ್ಸ್ ಅನ್ನು ಹೊರತಂದಿತು. ಇಂದಿನ ವೆಬ್ ಆಫ್ ಸೈನ್ಸ್ ಅದರ ಮುಂದುವರಿಕೆಯಾಗಿದೆ. 2004ರಲ್ಲಿ ಸ್ಕೋಪಸ್ ಮತ್ತು ಗೂಗಲ್ ಸ್ಕಾಲರ್ ಎರಡೂ ಆರಂಭಗೊಂಡವು.

ಗ್ರಂಥಗಳ ಬಳಕೆಯನ್ನು ಅಂಕಿಗಳಲ್ಲಿ ಅಳೆಯುವ ವಿಚಾರದಲ್ಲಿ ಭಾರತದ ಪಾತ್ರವೂ ಇದೆ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1948ರಲ್ಲಿ ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾದಲ್ಲಿ ನಡೆದ ಸಮ್ಮೇಳನದಲ್ಲಿ ‘ಲೈಬ್ರಮೆಟ್ರಿ’ ಎಂಬ ಪದವನ್ನು ಮುಂದಿಟ್ಟರು. ಇಂದು ಪ್ರಚಲಿತವಿರುವ ‘ಬಿಬ್ಲಿಯೊಮೆಟ್ರಿಕ್ಸ್’ ಎಂಬ ಪದವನ್ನು ಅಲನ್ ಪ್ರಿಚರ್ಡ್ ಅವರು ಸೂಚಿಸಿದ್ದು 1969ರಲ್ಲಿ. ರಂಗನಾಥನ್ ಅವರೇ 1962ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಪ್ರಲೇಖನ ಸಂಶೋಧನಾ ಮತ್ತು ತರಬೇತಿ ಕೇಂದ್ರವು ಈ ವಿದ್ಯಾಶಾಖೆಯ ಬೋಧನೆಗೆ ಹೆಸರಾಗಿದೆ.

ಉಲ್ಲೇಖದ ಅರ್ಥ

ಉಲ್ಲೇಖವೆಂದರೆ ಒಬ್ಬ ಲೇಖಕನು ಮತ್ತೊಂದು ಬರಹವನ್ನು ಬಳಸಿಕೊಂಡಿದ್ದೇನೆಂದು ತನ್ನ ಲೇಖನದ ಕೊನೆಯಲ್ಲಿಯೋ ಅಡಿಟಿಪ್ಪಣಿಯಲ್ಲಿಯೋ ನಮೂದಿಸುವುದು. ಅದು ಪ್ರಶಂಸೆಯೇ ಆಗಬೇಕೆಂದಿಲ್ಲ. ಕೋಣೆಯ ತಾಪಮಾನದಲ್ಲಿಯೇ ಪರಮಾಣು ಸಮ್ಮಿಲನ ಸಾಧ್ಯವೆಂದು 1989ರಲ್ಲಿ ಫ್ಲೈಶ್‌ಮನ್ ಮತ್ತು ಪಾನ್ಸ್ ಅವರು ಪ್ರಕಟಿಸಿದ ಲೇಖನಕ್ಕೆ ದೊರೆತ ಉಲ್ಲೇಖಗಳಲ್ಲಿ ಬಹಳಷ್ಟು ಅದನ್ನು ಅಲ್ಲಗಳೆಯಲೆಂದೇ ಬಂದಂಥವು. ಪ್ರೋಟೀನಿನ ಪ್ರಮಾಣವನ್ನು ಅಳೆಯುವ ವಿಧಾನವೊಂದನ್ನು ವಿವರಿಸುವ ಲೌರಿ ಮತ್ತು ಸಂಗಡಿಗರ 1951ರ ಲೇಖನವು, ನೇಚರ್ ಪತ್ರಿಕೆ 2014ರಲ್ಲಿ ಪ್ರಕಟಿಸಿದ ಗಣನೆಯಂತೆ, 3,05,000ಕ್ಕೂ ಹೆಚ್ಚು ಉಲ್ಲೇಖಗಳೊಡನೆ ಮೊದಲ ಸ್ಥಾನದಲ್ಲಿತ್ತು. ಪ್ರಯೋಗಾಲಯದಲ್ಲಿ ದಿನನಿತ್ಯ ಬಳಸುವ ವಿಧಾನವಾದುದರಿಂದ ಅಷ್ಟು ಉಲ್ಲೇಖಗಳು ಸೇರಿದವೇ ಹೊರತು, ಆ ಶತಮಾನದ ಅತಿ ದೊಡ್ಡ ಆವಿಷ್ಕಾರವೆಂದಲ್ಲ. ಇದಕ್ಕೆ ವಿರುದ್ಧವಾಗಿ, ಅತ್ಯಂತ ಪ್ರಸಿದ್ಧವಾದ ತತ್ತ್ವಗಳನ್ನು ಮೂಲ ಲೇಖನವನ್ನು ಹೆಸರಿಸದೆಯೇ ಬಳಸುವುದು ವಾಡಿಕೆ. ರಾಮನ್ ಪರಿಣಾಮವನ್ನು ಬಳಸುವ ಲೇಖನಗಳ ಪೈಕಿ 1928ರ ಮೂಲ ಟಿಪ್ಪಣಿಯನ್ನು ಉಲ್ಲೇಖಿಸುವವು ಕೆಲವೇ.

ಒಂದು ಲೇಖನವು ಮತ್ತೊಂದನ್ನು ನೇರವಾಗಿ ಹೆಸರಿಸುವುದಲ್ಲದೆ ಬೇರೆ ಎರಡು ಸಂಬಂಧಗಳನ್ನೂ ಸೂಚಿಗಳಿಂದ ಗುರುತಿಸಲಾಗುತ್ತದೆ. ಎರಡು ಲೇಖನಗಳು ಒಂದೇ ಹಳೆಯ ಬರಹವನ್ನು ಉಲ್ಲೇಖಿಸಿದ್ದಲ್ಲಿ ಅವೆರಡೂ ಜೋಡಿಯಾಗುತ್ತವೆ ಎಂಬ ಕ್ರಮವನ್ನು ಕೆಸ್ಲರ್ ಅವರು 1963ರಲ್ಲಿ ಸೂಚಿಸಿದರು. ಎರಡು ಹಳೆಯ ಬರಹಗಳನ್ನು ಮೂರನೆಯ ಲೇಖನವೊಂದು ಒಟ್ಟಿಗೆ ಉಲ್ಲೇಖಿಸಿದಲ್ಲಿ ಅದನ್ನು ಸಹ-ಉಲ್ಲೇಖ ಎನ್ನಲಾಗುತ್ತದೆ. ಇದನ್ನು 1973ರಲ್ಲಿ ಹೆನ್ರಿ ಸ್ಮಾಲ್ ಹಾಗೂ ಐರಿನಾ ಮರ್ಷಕೋವಾ ಅವರು ಪ್ರತ್ಯೇಕವಾಗಿ ವಿವರಿಸಿದರು. ವಿಷಯ ವಿಷಯಗಳ ನಡುವಿನ ನಂಟನ್ನು ನಕ್ಷೆಯಾಗಿ ತೋರಿಸಲು ಇವು ಉಪಯುಕ್ತವಾಗಿದ್ದು, ವೈಯಕ್ತಿಕ ಅರ್ಜಿಗಳಲ್ಲಿ ಇವುಗಳನ್ನು ಕೇಳುವುದು ಅಪರೂಪ.

ಎಚ್-ಸೂಚ್ಯಂಕ

ಭೌತವಿಜ್ಞಾನಿ ಜಾರ್ಜ್ ಹಿರ್ಷ್ ಅವರು 2005ರಲ್ಲಿ ಸೂಚಿಸಿದ ಈ ಸೂಚ್ಯಂಕವನ್ನು ಲೆಕ್ಕ ಹಾಕುವುದು ಸುಲಭ. ಲೇಖನಗಳನ್ನು ಉಲ್ಲೇಖಗಳ ಇಳಿಕೆಯ ಕ್ರಮದಲ್ಲಿ ಜೋಡಿಸಿ, ಎಷ್ಟನೆಯ ಲೇಖನದವರೆಗೆ ಅದರ ಉಲ್ಲೇಖಗಳ ಸಂಖ್ಯೆಯು ಅದರ ಕ್ರಮಸಂಖ್ಯೆಗಿಂತ ಕಡಿಮೆಯಾಗದೆ ಇರುವುದೋ ಆ ಕ್ರಮಸಂಖ್ಯೆಯೇ ಎಚ್-ಸೂಚ್ಯಂಕ. ಉದಾಹರಣೆಗೆ, ಒಬ್ಬ ಅರ್ಜಿದಾರರ ಏಳು ಲೇಖನಗಳಿಗೆ ಕ್ರಮವಾಗಿ 42, 18, 9, 6, 5, 3, 0 ಉಲ್ಲೇಖಗಳು ಇವೆಯೆಂದು ಇಟ್ಟುಕೊಂಡರೆ, ಐದನೆಯ ಲೇಖನಕ್ಕೆ 5 ಉಲ್ಲೇಖಗಳಿದ್ದು ಆರನೆಯದಕ್ಕೆ 3 ಮಾತ್ರ ಇರುವುದರಿಂದ ಎಚ್-ಸೂಚ್ಯಂಕವು 5 ಆಗುತ್ತದೆ. ಗೂಗಲ್ ಸ್ಕಾಲರ್ ತೋರಿಸುವ ಐ10 ಸೂಚ್ಯಂಕವು ಕನಿಷ್ಠ 10 ಉಲ್ಲೇಖಗಳುಳ್ಳ ಲೇಖನಗಳ ಸಂಖ್ಯೆಯಾಗಿದ್ದು, ಈ ಉದಾಹರಣೆಯಲ್ಲಿ ಅದು 2.

ಈ ಅಂಕಿಯು ಎಂದಿಗೂ ಇಳಿಯುವುದಿಲ್ಲ, ವಯಸ್ಸಿನೊಡನೆ ಏರುತ್ತದೆ. ಆದುದರಿಂದ ಆರಂಭಿಕ ಹಂತದ ಸಂಶೋಧಕರನ್ನು ಹಿರಿಯರೊಡನೆ ಇದರ ಮೂಲಕ ಹೋಲಿಸುವುದು ಸಮಂಜಸವಲ್ಲ. ಗಣಿತದಲ್ಲಿ ಉಲ್ಲೇಖಗಳು ವಿರಳ, ಜೀವವೈದ್ಯ ಶಾಖೆಗಳಲ್ಲಿ ಹೇರಳ. ಒಂದು ಶಾಖೆಯ ಅಂಕಿಯನ್ನು ಮತ್ತೊಂದರ ಪಕ್ಕದಲ್ಲಿ ಇಡುವುದು ರಾಗಿಯನ್ನು ಸೇರಿನಲ್ಲಿಯೂ ಚಿನ್ನವನ್ನು ಸೇರಿನಲ್ಲಿಯೂ ಅಳೆದಂತೆ. ಒಬ್ಬರದೇ ಎಚ್-ಸೂಚ್ಯಂಕವು ಮೂರು ದತ್ತಸಂಚಯಗಳಲ್ಲಿ ಮೂರು ಬಗೆಯಾಗಿರುವುದೂ ಸಹಜ. ಪ್ರತಿಯೊಂದೂ ತಾನು ಸೇರಿಸಿಕೊಂಡ ಪ್ರಕಟಣೆಗಳಲ್ಲಿನ ಉಲ್ಲೇಖಗಳನ್ನು ಮಾತ್ರ ಎಣಿಸುತ್ತದೆ. ಗೂಗಲ್ ಸ್ಕಾಲರ್ ಪ್ರಬಂಧ, ಪುಸ್ತಕ, ಅಂತರಜಾಲದ ಪ್ರತಿಗಳನ್ನೂ ಪರಿಗಣಿಸುವುದರಿಂದ ಅಲ್ಲಿನ ಅಂಕಿಯು ಸಾಮಾನ್ಯವಾಗಿ ಹೆಚ್ಚಿರುತ್ತದೆ. ಯಾವ ದತ್ತಸಂಚಯ, ಯಾವ ದಿನಾಂಕ ಎಂಬುದನ್ನು ನಮೂದಿಸದ ಅಂಕಿಯನ್ನು ಪರಿಶೀಲಿಸಲು ಸಾಧ್ಯವಾಗುವುದಿಲ್ಲ.

ಇಂಪ್ಯಾಕ್ಟ್ ಫ್ಯಾಕ್ಟರ್

ಇದು ನಿಯತಕಾಲಿಕಕ್ಕೆ ಸಂಬಂಧಿಸಿದ ಅಂಕಿ. ಲೇಖಕರಿಗಾಗಲೀ ಲೇಖನಕ್ಕಾಗಲೀ ಇಂಪ್ಯಾಕ್ಟ್ ಫ್ಯಾಕ್ಟರ್ ಇರುವುದಿಲ್ಲ. 2021 ಮತ್ತು 2022ರಲ್ಲಿ ಒಂದು ನಿಯತಕಾಲಿಕವು ಪ್ರಕಟಿಸಿದ ಬರಹಗಳಿಗೆ 2023ರಲ್ಲಿ ದೊರೆತ ಉಲ್ಲೇಖಗಳನ್ನು, ಆ ಎರಡು ವರ್ಷಗಳ ಲೇಖನಗಳ ಸಂಖ್ಯೆಯಿಂದ ಭಾಗಿಸಿದಾಗ ದೊರೆಯುವುದು ಅದರ 2023ರ ಇಂಪ್ಯಾಕ್ಟ್ ಫ್ಯಾಕ್ಟರ್. ಇದನ್ನು ಜರ್ನಲ್ ಸೈಟೇಷನ್ ರಿಪೋರ್ಟ್ಸ್ ಎಂಬ ವಾರ್ಷಿಕ ಪ್ರಕಟಣೆಯು ನೀಡುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯು ಇದನ್ನು ‘ಥಾಮ್ಸನ್ ರಾಯಿಟರ್ಸ್ ಪಟ್ಟಿ’ ಎಂದು ಕರೆದಿದೆ. ಆದರೆ ಆ ವ್ಯವಹಾರವು 2016ರಲ್ಲಿಯೇ ಕ್ಲಾರಿವೇಟ್ ಸಂಸ್ಥೆಗೆ ವರ್ಗಾವಣೆಗೊಂಡಿತ್ತು. ಹೆಸರಿನ ಈ ವ್ಯತ್ಯಾಸದಿಂದ ಅರ್ಜಿದಾರರು ಗೊಂದಲಕ್ಕೊಳಗಾಗುವ ಅಗತ್ಯವಿಲ್ಲ. ಎರಡೂ ಒಂದೇ.

ಇದೇ ಹೆಸರನ್ನು ಹೋಲುವ, ಹಿಂದೆ ಒಂದು ವಿಶೇಷಣವನ್ನು ಜೋಡಿಸಿಕೊಂಡ ಅನೇಕ ‘ಫ್ಯಾಕ್ಟರ್’ಗಳನ್ನು ಹಣ ಪಡೆದು ಹಂಚುವವರಿರುವುದು ತಿಳಿದ ವಿಷಯವೇ. ಅಸಲಿಯನ್ನು ಗುರುತಿಸಲು ನೆರವಾಗುವ ಸಣ್ಣ ಗುರುತೊಂದಿದೆ. 2023ರಲ್ಲಿ ಹೊರಬಂದ, ಅಂದರೆ 2022ರ ಅಂಕಿಗಳುಳ್ಳ ಆವೃತ್ತಿಯಿಂದ ಇಂಪ್ಯಾಕ್ಟ್ ಫ್ಯಾಕ್ಟರನ್ನು ಒಂದೇ ದಶಮಾಂಶ ಸ್ಥಾನಕ್ಕೆ ನೀಡಲಾಗುತ್ತಿದೆ. ಅದಕ್ಕೂ ಹಿಂದೆ ಮೂರು ಸ್ಥಾನಗಳಿದ್ದವು. 2022 ಅಥವಾ ನಂತರದ ವರ್ಷಕ್ಕೆ 5.873 ಎಂಬಂತಹ ಅಂಕಿಯನ್ನು ನಿಯತಕಾಲಿಕವೊಂದು ತನ್ನ ಮುಖಪುಟದಲ್ಲಿ ಮೆರೆಸುತ್ತಿದ್ದಲ್ಲಿ ಅದನ್ನು ಅರ್ಜಿಯಲ್ಲಿ ನಮೂದಿಸುವ ಮುನ್ನ ಗ್ರಂಥಪಾಲಕರಲ್ಲಿ ವಿಚಾರಿಸತಕ್ಕದ್ದು.

ವ್ಯಕ್ತಿಯ ನೇಮಕಾತಿಯನ್ನು ನಿಯತಕಾಲಿಕದ ಅಂಕಿಯಿಂದ ನಿರ್ಣಯಿಸಬಾರದೆಂದು 2012ರಲ್ಲಿ ರೂಪುಗೊಂಡ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆಯೂ, 2015ರ ಲೈಡನ್ ಪ್ರಣಾಳಿಕೆಯೂ ಹೇಳುತ್ತವೆ. ಕಾಲಂ ಇರುವವರೆಗೆ ಅರ್ಜಿದಾರರು ಅದನ್ನು ತುಂಬಲೇಬೇಕಾಗುತ್ತದೆ ಎಂಬುದು ಬೇರೆ ಮಾತು.

ಸಹಲೇಖಕರ ಪಾಲು

ಒಂದು ಲೇಖನಕ್ಕೆ ಹಲವರು ಲೇಖಕರಿದ್ದಾಗ ಶ್ರೇಯಸ್ಸನ್ನು ಹಂಚುವ ಬಗೆ ಹಲವು. ಪ್ರತಿಯೊಬ್ಬರಿಗೂ ಪೂರ್ಣ ಲೇಖನವನ್ನೇ ಎಣಿಸುವುದು ಒಂದು ಬಗೆ. ಎಚ್-ಸೂಚ್ಯಂಕವು ಹೀಗೆ ಎಣಿಸುತ್ತದೆ. ಲೇಖಕರ ಸಂಖ್ಯೆಯಿಂದ ಭಾಗಿಸಿ ಸಮಪಾಲು ನೀಡುವುದು ಮತ್ತೊಂದು. ಹಿಗ್ಸ್ ಕಣದ ದ್ರವ್ಯರಾಶಿಯ ಕುರಿತು 2015ರಲ್ಲಿ ಪ್ರಕಟವಾದ ಲೇಖನವೊಂದಕ್ಕೆ 5,154 ಮಂದಿ ಲೇಖಕರಿದ್ದು, ಅದರ 33 ಪುಟಗಳಲ್ಲಿ 24 ಪುಟಗಳು ಹೆಸರು ಮತ್ತು ಸಂಸ್ಥೆಗಳಿಗೇ ಮೀಸಲಾಗಿದ್ದವು. ಅಂತಹ ಲೇಖನವನ್ನು ಪೂರ್ಣವಾಗಿ ಎಣಿಸುವುದೂ, ಐದು ಸಾವಿರದಿಂದ ಭಾಗಿಸುವುದೂ ಎರಡೂ ವಿಚಿತ್ರವೇ.

2018ರ ನಿಯಮಾವಳಿಯ ಪ್ರಕಾರ, ಇಬ್ಬರು ಲೇಖಕರಿದ್ದಲ್ಲಿ ಪ್ರತಿಯೊಬ್ಬರಿಗೂ ಒಟ್ಟು ಅಂಕಗಳ ಶೇ. 70, ಇಬ್ಬರಿಗಿಂತ ಹೆಚ್ಚಿದ್ದಲ್ಲಿ ಮೊದಲ, ಪ್ರಧಾನ ಅಥವಾ ಪತ್ರವ್ಯವಹಾರದ ಹೊಣೆ ಹೊತ್ತ ಲೇಖಕರಿಗೆ ಶೇ. 70 ಹಾಗೂ ಉಳಿದ ಪ್ರತಿಯೊಬ್ಬರಿಗೂ ಶೇ. 30 ಎಂದು ನಿಗದಿಪಡಿಸಲಾಯಿತು. ಒಂದು ಲೇಖನಕ್ಕೆ 15 ಅಂಕಗಳು ಸಲ್ಲುವುದಾದರೆ, ಇಬ್ಬರಲ್ಲಿ ಪ್ರತಿಯೊಬ್ಬರಿಗೂ 10.5, ಮೂವರಿದ್ದಲ್ಲಿ ಮೊದಲನೆಯವರಿಗೆ 10.5, ಉಳಿದಿಬ್ಬರಿಗೆ ತಲಾ 4.5. 2025ರ ಜನವರಿಯಲ್ಲಿ ಆಯೋಗವು ಹೊಸ ಕರಡು ನಿಯಮಾವಳಿಯೊಂದನ್ನು ಪ್ರಕಟಿಸಿತು. ಆದುದರಿಂದ ಅರ್ಜಿ ಆಹ್ವಾನಿಸಿದ ಅಧಿಸೂಚನೆಗೆ ಯಾವ ವರ್ಷದ ನಿಯಮಗಳು ಅನ್ವಯವಾಗುತ್ತವೆ ಎಂಬುದನ್ನು ಖಚಿತಪಡಿಸಿಕೊಂಡ ನಂತರವೇ ಅಂಕಗಳನ್ನು ಲೆಕ್ಕ ಹಾಕುವುದು ಕ್ಷೇಮಕರ. ನಿಯತಕಾಲಿಕಗಳ ಯು.ಜಿ.ಸಿ.-ಕೇರ್ ಪಟ್ಟಿಯನ್ನೂ ಆಯೋಗವು ಕೈಬಿಟ್ಟಿದ್ದು, ಆಯ್ಕೆಗೆ ಸಲಹಾತ್ಮಕ ಮಾನದಂಡಗಳನ್ನು 2025ರ ಫೆಬ್ರವರಿಯಲ್ಲಿ ಹೊರಡಿಸಿತು.

ಗಣಿತ ವಿಭಾಗದ ಅರ್ಜಿದಾರರು ಇಲ್ಲಿ ವಿಶೇಷ ಗಮನ ಹರಿಸಬೇಕು. ಗಣಿತದಲ್ಲಿ ಲೇಖಕರ ಹೆಸರುಗಳನ್ನು ಇಂಗ್ಲಿಷ್ ಅಕ್ಷರಾನುಕ್ರಮದಲ್ಲಿ ಮುದ್ರಿಸುವುದು ರೂಢಿ. 1918ರ ಹಾರ್ಡಿ-ರಾಮಾನುಜನ್ ಲೇಖನದಲ್ಲಿ ರಾಮಾನುಜನ್ ಎರಡನೆಯವರಾಗಿ ಇರುವುದರಿಂದ ಅವರ ಪಾಲು ಕಿರಿದೆಂದು ಯಾರೂ ತಿಳಿಯುವುದಿಲ್ಲ. ಮೂರು ಅಥವಾ ಹೆಚ್ಚು ಲೇಖಕರಿರುವ ಲೇಖನದಲ್ಲಿ ಈ ರೂಢಿಯನ್ನು ಪರಿಶೀಲನಾ ಸಮಿತಿಯು ಅರಿತಿರುವುದೆಂದು ಭಾವಿಸದೆ, ಹೆಸರುಗಳು ಅಕ್ಷರಾನುಕ್ರಮದಲ್ಲಿವೆ ಎಂಬ ಷರಾವನ್ನು ಅರ್ಜಿಯಲ್ಲಿಯೇ ಬರೆಯುವುದು ಒಳಿತು. ಯಾರು ಯಾವ ಕೆಲಸ ಮಾಡಿದರೆಂದು 14 ಪಾತ್ರಗಳ ಮೂಲಕ ತಿಳಿಸುವ ಕ್ರೆಡಿಟ್ ಎಂಬ ಪದ್ಧತಿಯನ್ನು ಅನೇಕ ನಿಯತಕಾಲಿಕಗಳು ಅನುಸರಿಸುತ್ತಿದ್ದು, ಅಂತಹ ಹೇಳಿಕೆ ಮುದ್ರಿತವಾಗಿದ್ದಲ್ಲಿ ಆ ಪುಟದ ಪ್ರತಿಯು ಉತ್ತಮ ಪುರಾವೆಯಾಗುತ್ತದೆ.

ಕೆಲಸ ಮಾಡದವರ ಹೆಸರನ್ನು ಗೌರವಾರ್ಥವಾಗಿ ಸೇರಿಸುವುದು, ಮಾಡಿದವರ ಹೆಸರನ್ನು ಬಿಡುವುದು ಎರಡೂ ಸಲ್ಲದು. ಆಲ್ಫರ್ ಮತ್ತು ಗ್ಯಾಮೊ ಅವರ 1948ರ ಲೇಖನಕ್ಕೆ, ಆಲ್ಫಾ-ಬೀಟಾ-ಗ್ಯಾಮಾ ಎಂಬ ಪ್ರಾಸ ಕೂಡಲೆಂದು ಬೇಥೆ ಅವರ ಹೆಸರನ್ನು ಸೇರಿಸಿದ್ದು ವಿನೋದವಾಗಿ ಉಳಿದಿದೆ. ಆದರೆ ಆಗ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಆಲ್ಫರ್ ಅವರಿಗೆ, ಇಬ್ಬರು ಪ್ರಸಿದ್ಧರ ನಡುವೆ ತಮ್ಮ ಪಾಲು ಮರೆಯಾಯಿತೆಂಬ ಬೇಸರ ಬಹುಕಾಲ ಇತ್ತು.

ಹೆಸರಿನಿಂದ ಉಂಟಾಗುವ ತೊಡಕು

ಕರ್ನಾಟಕದ ಅರ್ಜಿದಾರರಿಗೆ ಹೆಚ್ಚಿನ ನಷ್ಟವಾಗುವುದು ಇಲ್ಲಿಯೇ. ಉಲ್ಲೇಖ ಸೂಚಿಗಳು ಕುಲನಾಮ ಮತ್ತು ಇನಿಷಿಯಲ್ ಎಂಬ ಪಾಶ್ಚಾತ್ಯ ಕ್ರಮದ ಮೇಲೆ ಕಟ್ಟಲ್ಪಟ್ಟಿವೆ. ನಮ್ಮಲ್ಲಿ ಅನೇಕರಿಗೆ ಕುಲನಾಮವೇ ಇರುವುದಿಲ್ಲ. ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್‌ಗಳಾಗಿ ನಿಂತು, ಸ್ವಂತ ಹೆಸರೇ ಕೊನೆಯಲ್ಲಿ ಬರುತ್ತದೆ. ಮೇಲೆ ಹೆಸರಿಸಿದ ರಂಗನಾಥನ್ ಅವರ ಪೂರ್ಣ ಹೆಸರು ಶಿಯಾಳಿ ರಾಮಾಮೃತ ರಂಗನಾಥನ್. ಶಿಯಾಳಿ ಎಂಬುದು ಊರು, ರಾಮಾಮೃತ ಎಂಬುದು ತಂದೆ. ಇಂತಹ ಹೆಸರನ್ನು ನಿಯತಕಾಲಿಕದ ನಮೂನೆಯಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂಬ ಚೌಕಗಳಿಗೆ ಹೊಂದಿಸುವಾಗ ಒಮ್ಮೆ ಇನಿಷಿಯಲ್ ಕುಲನಾಮವಾಗುತ್ತದೆ, ಮತ್ತೊಮ್ಮೆ ತಂದೆಯ ಹೆಸರು ಕುಲನಾಮವಾಗುತ್ತದೆ, ಮಗದೊಮ್ಮೆ ಒಂದೇ ಹೆಸರು ಎರಡು ಬಾರಿ ಮುದ್ರಿತವಾಗುತ್ತದೆ.

ಇದಕ್ಕೆ ಕಾಗುಣಿತವೂ ಸೇರುತ್ತದೆ. ಮಂಜುನಾಥ, ಗೌಡ, ಲಕ್ಷ್ಮಿ ಇವು ಕನ್ನಡದಲ್ಲಿ ಒಂದೊಂದೇ ರೂಪದವು. ಇಂಗ್ಲಿಷಿನಲ್ಲಿ ಕೊನೆಯ ‘ಎ’ ಇಡುವವರೂ ಬಿಡುವವರೂ, ಗೌಡಕ್ಕೆ ‘ಡಬ್ಲ್ಯು’ ಬಳಸುವವರೂ ‘ಯು’ ಬಳಸುವವರೂ ಇದ್ದಾರೆ. ವಿವಾಹಾನಂತರ ಇನಿಷಿಯಲ್ ಬದಲಾದ ಮಹಿಳಾ ಸಂಶೋಧಕರ ಲೇಖನಗಳು ಎರಡು ಬೇರೆ ವ್ಯಕ್ತಿಗಳ ಹೆಸರಿನಲ್ಲಿ ನಿಲ್ಲುವುದು ಸಾಮಾನ್ಯ.

ಪರಿಣಾಮವನ್ನು ಹಿಂದಿನ ಉದಾಹರಣೆಯಿಂದಲೇ ಕಾಣಬಹುದು. ಆ ಏಳು ಲೇಖನಗಳ ಪೈಕಿ 42, 6, 3 ಉಲ್ಲೇಖಗಳುಳ್ಳವು ಒಂದು ಕಾಗುಣಿತದಲ್ಲಿಯೂ 18, 9, 5, 0 ಉಲ್ಲೇಖಗಳುಳ್ಳವು ಮತ್ತೊಂದರಲ್ಲಿಯೂ ದಾಖಲಾಗಿದ್ದಲ್ಲಿ, ಸೂಚಿಯು ಇಬ್ಬರು ಲೇಖಕರನ್ನು ತೋರಿಸಿ ಇಬ್ಬರಿಗೂ ಎಚ್-ಸೂಚ್ಯಂಕ 3 ಎನ್ನುತ್ತದೆ. ವಾಸ್ತವ ಅಂಕಿ 5. ಎರಡು ಮೂರುಗಳನ್ನು ಕೂಡಿ 6 ಎಂದು ಬರೆಯುವುದೂ ತಪ್ಪಾಗುತ್ತದೆ. ದಾಖಲೆಗಳನ್ನು ಒಂದುಗೂಡಿಸಿ ಮತ್ತೆ ಎಣಿಸಬೇಕು.

ಇದು ಹೊಸ ಸಮಸ್ಯೆಯಲ್ಲ. ಸತ್ಯೇಂದ್ರನಾಥ ಬೋಸರ 1924ರ ಲೇಖನವು ಐನ್‌ಸ್ಟೈನರ ಅನುವಾದದಲ್ಲಿ ಜರ್ಮನ್ ನಿಯತಕಾಲಿಕದಲ್ಲಿ ಮುದ್ರಿತವಾದಾಗ ಲೇಖಕರ ಸ್ಥಾನದಲ್ಲಿ ಇನಿಷಿಯಲ್ ಇಲ್ಲದೆ ‘ಬೋಸ್’ ಎಂದಷ್ಟೇ ಇತ್ತು. ಮುದ್ರಿತ ಸೈನ್ಸ್ ಸೈಟೇಷನ್ ಇಂಡೆಕ್ಸ್‌ನ ಉಲ್ಲೇಖ ಭಾಗದಲ್ಲಿ ಉಲ್ಲೇಖಿತ ಲೇಖನವನ್ನು ಮೊದಲ ಲೇಖಕರ ಹೆಸರಿನಡಿ ಮಾತ್ರ ಜೋಡಿಸಲಾಗುತ್ತಿತ್ತು. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಇಬ್ಬರ ಹೆಸರಿನಲ್ಲಿ 1928ರ ಮಾರ್ಚ್ 31ರ ನೇಚರ್ ಸಂಚಿಕೆಯಲ್ಲಿ ಬಂದ ಟಿಪ್ಪಣಿಯನ್ನು ಅಂತಹ ಸೂಚಿಯಲ್ಲಿ ಕೃಷ್ಣನ್ ಹೆಸರಿನಡಿ ಹುಡುಕಿದರೆ ದೊರೆಯುವಂತಿರಲಿಲ್ಲ.

ಇದಕ್ಕೆ ಪರಿಹಾರವಾಗಿ 2012ರ ಅಕ್ಟೋಬರ್‌ನಲ್ಲಿ ಆರ್ಕಿಡ್ ಎಂಬ ಗುರುತಿನ ಸಂಖ್ಯೆಯು ಜಾರಿಗೆ ಬಂದಿತು. ನಾಲ್ಕು ನಾಲ್ಕರ ಗುಂಪುಗಳಲ್ಲಿ ಬರೆಯುವ 16 ಸ್ಥಾನಗಳ ಈ ಸಂಖ್ಯೆಯನ್ನು ಸಂಶೋಧಕರು ಅಂತರಜಾಲದಲ್ಲಿ ತಾವೇ ಪಡೆಯಬಹುದು, ಯಾವುದೇ ಶುಲ್ಕವಿರುವುದಿಲ್ಲ. ಕೊನೆಯ ಸ್ಥಾನವು ತಪಾಸಣೆಯ ಅಂಕಿಯಾಗಿದ್ದು ಕೆಲವೊಮ್ಮೆ ಅಲ್ಲಿ ‘ಎಕ್ಸ್’ ಅಕ್ಷರ ಇರುತ್ತದೆ. ಅದನ್ನು ತಪ್ಪೆಂದು ಭಾವಿಸಿ ತಿದ್ದಬಾರದು. ವಿವಿಧ ಕಾಗುಣಿತಗಳನ್ನು, ಹಿಂದಿನ ಹೆಸರನ್ನು ಅಲ್ಲಿ ಪರ್ಯಾಯ ಹೆಸರುಗಳಾಗಿ ದಾಖಲಿಸಲು ಅವಕಾಶವಿದೆ. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್‌ಗಳಲ್ಲಿ ಒಡೆದ ದಾಖಲೆಗಳನ್ನು ಕೂಡಿಸುವಂತೆ ಲೇಖಕರೇ ವಿನಂತಿ ಸಲ್ಲಿಸಬಹುದಾಗಿದ್ದು, ತಿದ್ದುಪಡಿಗೆ ಸಮಯ ಹಿಡಿಯುವುದರಿಂದ ಅರ್ಜಿಯ ಕೊನೆಯ ದಿನಾಂಕದವರೆಗೆ ಕಾಯಬಾರದು. ಗೂಗಲ್ ಸ್ಕಾಲರ್ ಪುಟದಲ್ಲಿ ಆಗುವುದು ಇದರ ವಿಪರೀತ: ಅದೇ ಹೆಸರಿನ ಬೇರೆಯವರ ಲೇಖನಗಳು ತಾನಾಗಿಯೇ ಸೇರಿಕೊಳ್ಳುತ್ತವೆ. ಅವುಗಳನ್ನು ತೆಗೆದುಹಾಕುವ ಹೊಣೆ ಅರ್ಜಿದಾರರದು. ‘ಕಂಪ್ಯೂಟರ್ ಸೇರಿಸಿತು’ ಎಂಬ ಸಮಜಾಯಿಷಿ ಪರಿಶೀಲನೆಯ ವೇಳೆ ನಿಲ್ಲುವಂಥದಲ್ಲ.

ಕನ್ನಡದಲ್ಲಿ ಪ್ರಕಟವಾದ ಸಂಶೋಧನೆ

ಕನ್ನಡ ಸಾಹಿತ್ಯ, ಶಾಸನಶಾಸ್ತ್ರ, ಇತಿಹಾಸ, ಜಾನಪದ ಮುಂತಾದ ವಿಷಯಗಳ ಸಂಶೋಧಕರು ಉಲ್ಲೇಖಗಳ ಕಾಲಂನಲ್ಲಿ ಸೊನ್ನೆ ಬರೆಯಬೇಕಾದ ಸಂದರ್ಭ ಒದಗುತ್ತದೆ. ಸ್ಕೋಪಸ್ ಒಂದು ನಿಯತಕಾಲಿಕವನ್ನು ಸೇರಿಸಿಕೊಳ್ಳಬೇಕಾದರೆ ಸಾರಾಂಶವು ಇಂಗ್ಲಿಷಿನಲ್ಲಿಯೂ ಆಕರಗಳ ಪಟ್ಟಿಯು ರೋಮನ್ ಲಿಪಿಯಲ್ಲಿಯೂ ಇರಬೇಕೆಂಬ ಷರತ್ತಿದೆ. ಕನ್ನಡ ಲಿಪಿಯ ಅಡಿಟಿಪ್ಪಣಿಗಳುಳ್ಳ ಸಂಶೋಧನಾ ಪತ್ರಿಕೆಯು ಆರಂಭದಲ್ಲಿಯೇ ಹೊರಗುಳಿಯುತ್ತದೆ. ಆರ್. ನರಸಿಂಹಾಚಾರ್ ಅವರ ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟವು 1907ರಲ್ಲಿ ಪ್ರಕಟವಾಯಿತು. ಹಳಗನ್ನಡದ ಮೇಲಿನ ಪಿಎಚ್.ಡಿ. ಪ್ರಬಂಧಗಳು ಅದನ್ನು ಹೆಸರಿಸದೆ ಮುಂದುವರಿಯುವುದು ಅಪರೂಪ. ಎಪಿಗ್ರಾಫಿಯಾ ಕರ್ನಾಟಿಕಾದ ಶಾಸನಗಳನ್ನು ಸಂಪುಟ, ತಾಲ್ಲೂಕಿನ ಸಂಕ್ಷೇಪ ಮತ್ತು ಶಾಸನ ಸಂಖ್ಯೆಯಿಂದ ಸೂಚಿಸುವುದು ನೂರು ವರ್ಷಗಳಿಗೂ ಮೀರಿದ ಪದ್ಧತಿ. ಇವೆಲ್ಲವೂ ಉಲ್ಲೇಖಗಳೇ ಆದರೂ ಸೂಚಿಯ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿನ ಸೊನ್ನೆಯು ಸೂಚಿಯ ವ್ಯಾಪ್ತಿಯನ್ನು ಹೇಳುತ್ತದೆ. ಕೃತಿಯನ್ನು ಯಾರೂ ಓದಿಲ್ಲವೆಂದು ಹೇಳುವುದಿಲ್ಲ.

ಇಂತಹ ಅರ್ಜಿದಾರರು ಕಾಲಂ ಅನ್ನು ಖಾಲಿ ಬಿಡುವುದಾಗಲೀ, ಅಂದಾಜಿನ ಅಂಕಿ ಬರೆಯುವುದಾಗಲೀ ಮಾಡಬಾರದು. ‘ಸೂಚಿಯಲ್ಲಿ ಒಳಗೊಂಡಿಲ್ಲ’ ಎಂದು ಬರೆದು, ತಮ್ಮ ಲೇಖನವನ್ನು ಬಳಸಿಕೊಂಡ ಗ್ರಂಥ, ಪ್ರಬಂಧ ಅಥವಾ ಪತ್ರಿಕೆಯ ಸಂಬಂಧಿತ ಪುಟದ ಪ್ರತಿಯನ್ನು, ಅದರ ಶೀರ್ಷಿಕೆಯ ಪುಟದೊಡನೆ ಲಗತ್ತಿಸುವುದು ಸೂಕ್ತ. ಇನ್‌ಫ್ಲಿಬ್‌ನೆಟ್ ಕೇಂದ್ರದ ಶೋಧಗಂಗಾ ಭಂಡಾರದಲ್ಲಿ ಕನ್ನಡ ಪ್ರಬಂಧಗಳೂ ಇದ್ದು, ಅವುಗಳ ಗ್ರಂಥಋಣದ ಭಾಗವನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಎಷ್ಟೋ ಬಾರಿ ಲೇಖಕರಿಗೇ ತಿಳಿಯದ ಉಲ್ಲೇಖಗಳು ಅಲ್ಲಿ ದೊರೆಯುತ್ತವೆ.

ಅರ್ಜಿಯಲ್ಲಿ ನಮೂದಿಸುವ ಕ್ರಮ

ಪ್ರತಿಯೊಂದು ಅಂಕಿಯ ಪಕ್ಕದಲ್ಲಿ ದತ್ತಸಂಚಯದ ಹೆಸರು ಮತ್ತು ನೋಡಿದ ದಿನಾಂಕವನ್ನು ಬರೆದು, ಅದೇ ದಿನದ ಪುಟದ ಮುದ್ರಿತ ಪ್ರತಿಯನ್ನು ಇರಿಸಿಕೊಳ್ಳತಕ್ಕದ್ದು. ಅಧಿಸೂಚನೆಯಲ್ಲಿ ನಿರ್ದಿಷ್ಟ ದತ್ತಸಂಚಯವನ್ನು ಸೂಚಿಸಿದ್ದಲ್ಲಿ ಬೇರೊಂದರ ಹೆಚ್ಚಿನ ಅಂಕಿಯನ್ನು ಬರೆಯುವುದು ಸಲ್ಲದು. ಸ್ವಂತ ಲೇಖನಗಳಲ್ಲಿಯೇ ಮಾಡಿಕೊಂಡ ಉಲ್ಲೇಖಗಳು ಸಂಶೋಧನೆಯ ಮುಂದುವರಿಕೆಯಲ್ಲಿ ಸಹಜವಾದರೂ, ಅವುಗಳನ್ನು ಕಳೆದು ತೋರಿಸುವಂತೆ ಕೇಳಿದ್ದಲ್ಲಿ ಪ್ರತ್ಯೇಕವಾಗಿ ನಮೂದಿಸಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಸ್ಕೋಪಸ್ ಮಾಹಿತಿಯಿಂದ ಸಿದ್ಧಪಡಿಸುವ ‘ಶೇ. 2 ವಿಜ್ಞಾನಿಗಳ’ ಪಟ್ಟಿಯಲ್ಲಿ ಹೆಸರಿರುವುದನ್ನು ಕೆಲವರು ಪ್ರಶಸ್ತಿಗಳ ಕಾಲಂನಲ್ಲಿ ಬರೆಯುತ್ತಾರೆ. ಅದು ಆರು ಅಂಕಿಗಳನ್ನು ಸೇರಿಸಿ ಮಾಡಿದ ಗಣನೆ. ಅದಕ್ಕೆ ಅರ್ಜಿಯೂ ಇಲ್ಲ, ಶುಲ್ಕವೂ ಇಲ್ಲ, ಪ್ರಶಸ್ತಿ ಪತ್ರವೂ ಇಲ್ಲ. ಹಾಗೆ ಹೇಳಿ ಹಣ ಕೇಳುವವರ ಬಗ್ಗೆ ಎಚ್ಚರದಿಂದಿರಬೇಕು.

ಪ್ರಮಾಣಪತ್ರಗಳಲ್ಲಿರುವ ಹೆಸರಿಗೂ ಲೇಖನಗಳಲ್ಲಿ ಮುದ್ರಿತವಾದ ಹೆಸರಿಗೂ ವ್ಯತ್ಯಾಸವಿದ್ದಲ್ಲಿ, ಬಳಕೆಯಲ್ಲಿರುವ ಎಲ್ಲ ರೂಪಗಳನ್ನೂ ಯಾವ ಲೇಖನದಲ್ಲಿ ಯಾವ ರೂಪವಿದೆ ಎಂಬುದನ್ನೂ ಪ್ರತ್ಯೇಕ ಹಾಳೆಯಲ್ಲಿ ಬರೆದು, ಆರ್ಕಿಡ್ ಸಂಖ್ಯೆಯೊಡನೆ ಅರ್ಜಿಯ ಮೊದಲ ಲಗತ್ತಾಗಿ ಸೇರಿಸುವುದರಿಂದ ಪರಿಶೀಲನೆಯು ಶೀಘ್ರವಾಗುತ್ತದೆ.